ಒಂಟಿ ನಳಿಗೆ ತೋಟಾ ಕೋವಿ: ಉದ್ದ ನಳಿಗೆ ಹಾಕಿಸೋದಾ, ಇರೋದನ್ನೇ ಸರಿ ಮಾಡ್ಕೊಳ್ಳೋದಾ?

ಮೂಡಿಗೆರೆ_ತೋಟ:
ಬೆಳೆ ರಕ್ಷಣೆ ಲೈಸೆನ್ಸಿನ 12 ಬೋರ್ ಒಂಟಿ ನಳಿಗೆ ಕೋವಿ, ನಳಿಗೆ 28 ಇಂಚು. ಹಿಡಿಯ ಮರ ಎಣ್ಣೆ ಕುಡಿದು ಕಪ್ಪಾಗಿದೆ, ಕಬ್ಬಿಣ ಸೇರೋ ಜಾಗದ ಹಿಂದೆ ಕೂದಲೆಳೆಯಷ್ಟು ಬಿರುಕು. ನಳಿಗೆ ಮೇಲೆ ಕೆಂಪು ತುಕ್ಕು. ಚಳಿಗಾಲದ ಬೆಳಗ್ಗೆ ಕೋವಿಯ ಕುದುರೆ (ತೋಟಾ ಸಿಡಿಸೋ ಸುತ್ತಿಗೆ) ನಿಧಾನವಾಗಿ ಬೀಳುತ್ತೆ. ಹಾಕ್ತಿರೋದು ತೆಂಗಿನೆಣ್ಣೆ. ಹಿಡಿ ಅದನ್ನೇ ಇಟ್ಕೊಂಡು 34 ಇಂಚಿನ ನಳಿಗೆ ಕೂರಿಸಿದ್ರೆ ದೂರಕ್ಕೆ ಚೆನ್ನಾಗಿ ಹೊಡೆಯುತ್ತೆ ಅಂತಾರೆ. ಲೇತ್ ಇರೋ ಕಡೆ ಮಾಡಿಸಬಹುದಾ?

ಸಕಲೇಶಪುರ_12ಬೋರ್:
ಲೇತಿನ ಮಾತು ಇಲ್ಲಿಗೇ ಬಿಟ್ಬಿಡಿ ಸರ್. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ತಯಾರಿಸೋದಕ್ಕಷ್ಟೇ ಅಲ್ಲ, ಮಾರ್ಪಾಟು ಮಾಡೋದಕ್ಕೂ ರಿಪೇರಿ ಮಾಡೋದಕ್ಕೂ ಬೇರೆ ಲೈಸೆನ್ಸ್ ಬೇಕು. ನಮ್ಮ ಕೈಲಿರೋದು ಇಟ್ಕೊಳ್ಳೋ ಲೈಸೆನ್ಸ್ ಮಾತ್ರ. ಕಾನೂನು ಪಕ್ಕಕ್ಕಿಟ್ಟರೂ, ಪ್ರೂಫ್ ಪರೀಕ್ಷೆ (ಹೆಚ್ಚು ಒತ್ತಡದ ತೋಟಾ ಹೊಡೆದು ನಳಿಗೆ ತಡೆಯುತ್ತಾ ಅಂತ ನೋಡೋದು) ಆಗದ ನಳಿಗೆ ಸಿಡಿದರೆ ಮೊದಲು ಹೋಗೋದು ಅದನ್ನ ಹಿಡಿದ ಎಡಗೈ.

ಇನ್ನು ಉದ್ದದ ಲೆಕ್ಕ. ತೋಟಾದ ಮದ್ದು ನಳಿಗೆಯ ಮೊದಲ 20 ಇಂಚಿನೊಳಗೇ ಹೆಚ್ಚುಕಮ್ಮಿ ಉರಿದು ಮುಗಿದಿರುತ್ತೆ. ಆಮೇಲೆ ಒಂದೊಂದು ಇಂಚಿಗೆ ಸಿಗೋ ವೇಗ ಸೆಕೆಂಡಿಗೆ 5ರಿಂದ 10 ಅಡಿ ಅಷ್ಟೆ. 6 ಇಂಚು ಸೇರಿಸಿದರೆ ಹೆಚ್ಚೆಂದರೆ 60 ಅಡಿ. ಚರೆ, ಅಂದ್ರೆ ತೋಟಾದೊಳಗಿನ ಸಣ್ಣ ಗುಂಡುಗಳು, ಹೊರಡೋದೇ 1,200 ಅಡಿ ಆಸುಪಾಸಿನಲ್ಲಿ, ಅದರ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಮೂತಿ ಭಾರವಾಗಿ ಕೈ ಸೋಲೋದು ಮಾತ್ರ ಖಂಡಿತ. ಚರೆ ಚದುರದೆ ಹೋಗೋದು ಉದ್ದದಿಂದಲ್ಲ, ಮೂತಿ ಹತ್ತಿರ ನಳಿಗೆ ಒಳಗೆ ಕಿರಿದಾಗೋ ಚೋಕ್‌ನಿಂದ. ಫುಲ್ ಚೋಕ್ (ತುಂಬಾ ಕಿರಿದಾದದ್ದು) ಇದ್ದರೆ 40 ಗಜದಲ್ಲಿ 30 ಇಂಚಿನ ವೃತ್ತದೊಳಗೆ ಸುಮಾರು 70% ಚರೆ ಬೀಳಬೇಕು. ನಿಮ್ಮದು ಯಾವ ಚೋಕ್ ಅಂತ ಮೊದಲು ತಿಳ್ಕೊಳ್ಳಿ.

ತೋಟಾ ಉದ್ದವನ್ನೂ ನೋಡಿ. ಹಳೇ ಕೋವಿಗಳ ಎಷ್ಟೋ ಛೇಂಬರ್ (ತೋಟಾ ಕೂರೋ ಜಾಗ) 65 ಮಿ.ಮೀ. ಇರುತ್ತೆ, ಈಗ ಸಿಗೋ ತೋಟಾ ಹೆಚ್ಚಿನವು 70. ತಾಪತ್ರಯ ಏನಂದ್ರೆ ಅದು ಸಲೀಸಾಗಿ ಒಳಗೆ ಹೋಗ್ಬಿಡುತ್ತೆ. ಬಾಯಿ ಬಿಚ್ಚಿಕೊಳ್ಳೋಕೆ ಜಾಗ ಸಾಲದೆ ಒತ್ತಡ ಏರೋದು ಹೊಡೆದಾಗ. ನಳಿಗೆಯ ಅಡಿಯಲ್ಲಿರೋ ಮುದ್ರೆ ಓದಿಸಿ.

ಹಾಸನ_ಮರಗೆಲಸ:
ಹಿಡಿ ಬಗ್ಗೆ ನಾನು ಹೇಳ್ತೀನಿ. ಆ ಬಿರುಕು ಮರ ಹಳೇದಾಯ್ತು ಅಂತ ಬಂದಿದ್ದಲ್ಲ, ಹಿಡಿಯ ಬೋಲ್ಟು ಸಡಿಲವಾಗಿ ಬಂದಿರೋದು. ಮರಕ್ಕೂ ಕಬ್ಬಿಣಕ್ಕೂ ನಡುವೆ ಒಂದು ಕಾಗದದಷ್ಟು ಸಂದು ಬಿಟ್ಟರೂ ಪ್ರತಿ ಹೊಡೆತಕ್ಕೆ ಕಬ್ಬಿಣ ಹಿಂದಕ್ಕೆ ಬಂದು ಮರವನ್ನ ಬೆಣೆ ಥರ ಸೀಳುತ್ತೆ. ಆ ಬಿರುಕನ್ನ ಲೈಸೆನ್ಸ್ ಇರೋ ಕೋವಿ ರಿಪೇರಿಯವರ ಹತ್ರವೇ ಮಾಡಿಸಿ. ಅಲ್ಲಿವರೆಗೆ ಒಂದು ತೋಟಾನೂ ಹೊಡೀಬೇಡಿ.

ಮರದ ಮೇಲ್ಮೈ ನೀವೇ ಮಾಡ್ಕೊಬಹುದು. ಎಣ್ಣೆ ಕುಡಿದ ಕಡೆ ಸೀಮೆಸುಣ್ಣದ ಪುಡಿಯನ್ನ ಅಸಿಟೋನ್‌ನಲ್ಲಿ ಕಲಸಿ ಮೆತ್ತಿ. ಒಣಗಿದಾಗ ಪುಡಿ ಹಳದಿಗೆ ತಿರುಗಿರುತ್ತೆ, ಅದೇ ಹೊರಬಂದ ಎಣ್ಣೆ. ಬ್ರಶ್‌ನಲ್ಲಿ ಉದುರಿಸಿ ಮತ್ತೆ ಮೆತ್ತಿ, ಪುಡಿ ಬೆಳ್ಳಗೇ ಉಳಿಯೋವರೆಗೆ. ತಗ್ಗು ಬಿದ್ದ ಕಡೆ ಒದ್ದೆ ಬಟ್ಟೆ ಇಟ್ಟು ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿದರೆ ಆವಿಗೆ ನಾರು ಮೇಲೇಳುತ್ತೆ. ಆಮೇಲೆ 240, 320, 400 ನಂಬರಿನ ಉಪ್ಪುಕಾಗದ, ಎಳೆ ಹೋದ ದಿಕ್ಕಿಗೇ. ಕಬ್ಬಿಣ ಕೂರೋ ಅಂಚಿಗೆ ಮಾತ್ರ ಉಪ್ಪುಕಾಗದ ತಾಗಿಸಬೇಡಿ, ಅಲ್ಲಿ ಸವೆದರೆ ಮತ್ತೆ ಸಂದು.

ಕೊನೆಗೆ ಕುದಿಸಿದ ಅಗಸೆ ಎಣ್ಣೆ. ಹಸಿ ಅಗಸೆ ಎಣ್ಣೆ ತಂದರೆ ನಮ್ಮ ಹವೆಯಲ್ಲಿ ವಾರಗಟ್ಟಲೆ ಅಂಟಂಟು. ನಾಲ್ಕೈದು ಹನಿ ಅಂಗೈಯಲ್ಲಿ ತೊಗೊಂಡು ಬಿಸಿಯಾಗೋವರೆಗೆ ತಿಕ್ಕಿ, ಹೆಚ್ಚಿದ್ದನ್ನ ಒರೆಸಿ, ಒಣಗೋಕೆ ಬಿಟ್ಟು ಮತ್ತೆ ತಿಕ್ಕಿ. ಹೀಗೆ ಆರೇಳು ಕೋಟ್. ಒರೆಸಿದ ಬಟ್ಟೆನ ಉಂಡೆ ಮಾಡಿ ಮೂಲೆಗೆ ಎಸೀಬೇಡಿ, ತಾನಾಗೇ ಬಿಸಿಯೇರಿ ಹೊತ್ತಿಕೊಳ್ಳುತ್ತೆ. ನೀರಲ್ಲಿ ನೆನೆಸಿ ಬಿಡಿಸಿ ಹರವಿ.

ಮೂಡಿಗೆರೆ_ತೋಟ:
ನಳಿಗೆ ಆಸೆ ಬಿಟ್ಟೆ. ತುಕ್ಕಿಗೆ ಪಾತ್ರೆ ಉಜ್ಜೋ ಸ್ಟೀಲ್ ನಾರು ನಡೆಯುತ್ತಾ?

ಕೊಪ್ಪ_ಮಳೆ:
ಬೇಡಿ, ಕರಿ ಬಣ್ಣವೇ ಎದ್ದು ಹೋಗುತ್ತೆ. ನಾಲ್ಕು ಸೊನ್ನೆ ನಂಬರಿನ ಮೆತ್ತನೆ ಸ್ಟೀಲ್ ವುಲ್‌ಗೆ ಗನ್ ಎಣ್ಣೆ ಹಾಕಿ ಹಗುರಾಗಿ ಉಜ್ಜಿ. ಕುದುರೆ ನಿಧಾನ ಆಗಿರೋದಕ್ಕೆ ಕಾರಣ ತೆಂಗಿನೆಣ್ಣೆಯೇ. 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತೆ, ಹಳೇದಾದರೆ ಗೋಂದಿನ ಥರ ಆಗುತ್ತೆ. ರಿಪೇರಿಗೆ ಕೊಟ್ಟಾಗ ಒಳಗಿನ ಲಾಕ್ (ಕುದುರೆ ಬೀಳಿಸೋ ಭಾಗ) ಬಿಚ್ಚಿ ತೊಳೆದು ತೆಳ್ಳನೆ ಎಣ್ಣೆ ಹಾಕೋಕೆ ಹೇಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೋವಿನ ಕ್ಯಾನ್ವಾಸ್ ಚೀಲದಲ್ಲಿಡಬೇಡಿ, ಚೀಲ ತೇವ ಹೀರಿ ಕಬ್ಬಿಣಕ್ಕೇ ಹಿಡಿದಿಡುತ್ತೆ. ಅಡುಗೆಮನೆ ಅಟ್ಟವೂ ಬೇಡ, ಹೊಗೆ ಮಸಿ ಕೂತಲ್ಲಿ ತುಕ್ಕು ಬೇಗ. ಬೀಗದ ಬೀರುವಿನಲ್ಲಿ ಅರ್ಧ ಕೆ.ಜಿ. ಸಿಲಿಕಾ ಜೆಲ್ ಇಟ್ಟು, ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ. ಹದಿನೈದು ದಿನಕ್ಕೊಮ್ಮೆ ಎಣ್ಣೆ ಬಟ್ಟೆಯಲ್ಲಿ ಒರೆಸಿ, ಬೆರಳು ತಾಗಿದ ಕಡೆ ವಿಶೇಷವಾಗಿ.

ಪ್ರತಿ ಸಲ ತೋಟಾ ಹಾಕೋ ಮುಂಚೆ ಕೋವಿಯ ನಳಿಗೆ ಬಗ್ಗಿಸಿ ಬಾಯಿ ತೆರೆದು, ಹಿಂಬದಿಯಿಂದ ಬೆಳಕಿಗೆ ಹಿಡಿದು ನೋಡಿ. ಒಳಗೆ ಬೆಳಕಿನ ಬಳೆಗಳು ಒಂದರೊಳಗೊಂದು ದುಂಡಗೆ ಕಾಣಬೇಕು. ಬಳೆ ಸೊಟ್ಟಗಿದ್ದರೆ ನಳಿಗೆ ಉಬ್ಬಿದೆ, ಕಪ್ಪು ಚುಕ್ಕಿ ಇದ್ದರೆ ತುಕ್ಕು ತಿಂದಿದೆ. ಬೆಳಕೇ ಇಲ್ಲ ಅಂದ್ರೆ ಕುಂಬಾರ ಹುಳ ಮೂತಿಯಲ್ಲಿ ಮಣ್ಣಿನ ಗೂಡು ಕಟ್ಟಿರಬಹುದು. ಹೆಬ್ಬೆರಳ ಗಾತ್ರದ ಆ ಮಣ್ಣಿದ್ದಾಗ ಹೊಡೆದರೆ ನಳಿಗೆ ಸೀಳುತ್ತೆ. ಕಡ್ಡಿಯನ್ನ ಹಿಂಬದಿಯಿಂದ ತೂರಿಸಿ ತೆಗೆದು, ಒಣ ಬಟ್ಟೆ ಎಳೆದು, ಮತ್ತೆ ನೋಡಿ.