ಮನೆಯೊಳಗೆ ಮೊಬೈಲ್ ಸಿಗ್ನಲ್ ಇಲ್ಲ, ಸಿಗ್ನಲ್ ಹಿಗ್ಗಿಸುವ ಬೂಸ್ಟರ್ ಹಾಕಿಸಲಾ? ಅನುಭವ ಇದ್ದವರು ಹೇಳಿ

ಮೈಸೂರು ವಿಜಯನಗರ 4ನೇ ಹಂತದಲ್ಲಿ ಹೊಸ ಮನೆ. ಟೆರೇಸಿನಲ್ಲಿ ಸಿಗ್ನಲ್ ಚೆನ್ನಾಗಿದೆ, ಕೆಳಗಿನ ರೂಮಿನಲ್ಲಿ ಕಾಲ್ ಕಟ್ ಆಗುತ್ತೆ.

ಕಬ್ಬಿನಗದ್ದೆ: ಮಂಡ್ಯ ಹತ್ತಿರ ನಮ್ಮ ತೋಟದ ಮನೆಗೆ ಹಾಕಿಸಿದ್ದೇನೆ. ಬೂಸ್ಟರ್ 11,500, ಹೊರಗಿನ ಆಂಟೆನಾ 1,800, ಪೈಪ್ ನಿಲ್ಲಿಸಿದ ವೆಲ್ಡರ್‌ಗೆ 700, ಕೇಬಲ್ ಬೇರೆ. ಸಿಡಿಲಿಗೆ ಅಡಾಪ್ಟರ್ ಸುಟ್ಟು ಮತ್ತೆ 900. ಆದರೂ ರಾತ್ರಿ ಅಪ್ಪನಿಗೆ ಎದೆನೋವು ಬಂದಾಗ ಒಳಗಿನಿಂದಲೇ ಆಂಬ್ಯುಲೆನ್ಸ್‌ಗೆ ಫೋನ್ ಹೋಯಿತು. ಯಾರು ಏನಂದರೂ ತೆಗೆಯಲ್ಲ.

ಟವರ್ ಕೆಲಸದವನು: ಮೈಸೂರಲ್ಲಿ ಈ ಬೂಸ್ಟರ್ ಡಬ್ಬಗಳನ್ನು ಹುಡುಕಿ ಹುಡುಕಿ ಸಾಕಾಗಿದೆ. ಅದು ನಿಮ್ಮ ಮಾತಿನ ಜೊತೆ ಗದ್ದಲವನ್ನೂ (ಬೇಡದ ರೇಡಿಯೋ ಅಲೆಗಳನ್ನೂ) ಹಿಗ್ಗಿಸಿ ಟವರಿಗೆ ಕಳಿಸುತ್ತೆ. ಗದ್ದಲ ಏರಿದಾಗ ಟವರ್ ಅಕ್ಕಪಕ್ಕದ ಫೋನುಗಳಿಗೆಲ್ಲ ಪವರ್ ಏರಿಸಿ ಅನ್ನುತ್ತೆ. 4ಜಿ ಫೋನ್ ಸಾಮಾನ್ಯವಾಗಿ 23 ಡಿಬಿಎಂ, ಅಂದರೆ 200 ಮಿಲಿವ್ಯಾಟ್ ದಾಟಲ್ಲ. ದೂರದ ಫೋನ್ ಅಷ್ಟು ಕೂಗಿದರೂ ಟವರಿಗೆ ಕೇಳಿಸಲ್ಲ, ಬ್ಯಾಟರಿ ಖಾಲಿ, ಕಾಲ್ ಕಟ್. ಕುವೆಂಪುನಗರದ ಒಂದು ಪಿಜಿಯಲ್ಲಿ ಹೊರಗಿನ ಆಂಟೆನಾ, ಒಳಗಿನ ಆಂಟೆನಾ ಒಂದೇ ಗೋಡೆಯ ಆಚೆ ಈಚೆ ಇದ್ದವು. ಸ್ಪೀಕರ್ ಎದುರು ಮೈಕ್ ಹಿಡಿದ ಹಾಗೆ ಕಿರುಚಾಟ. ಪ್ಲಗ್ ಕಿತ್ತ ತಕ್ಷಣ ಸಿಗ್ನಲ್ ಅಳೆಯುವ ಅನಲೈಸರ್ ಪರದೆಯಲ್ಲಿ ಎದ್ದಿದ್ದ ಗದ್ದಲದ ಗೆರೆ ಪೂರ್ತಿ ಕೆಳಗೆ ಬಿತ್ತು. ಓನರ್ ನನ್ನ ಮೇಲೇ ರೇಗಿದರು! ಲೈಸೆನ್ಸ್ ಇಲ್ಲದೆ ಇಂಥದ್ದು ಇಟ್ಟುಕೊಳ್ಳಬಾರದು ಅಂತ 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯಲ್ಲೇ ಇತ್ತು, 2023ರ ಟೆಲಿಕಾಂ ಕಾಯ್ದೆಯಲ್ಲೂ ಇದೆ.

ಕಬ್ಬಿನಗದ್ದೆ: ನಮ್ಮ ಸುತ್ತ ಇರೋದು ಕಬ್ಬು ಸ್ವಾಮಿ. ಯಾರಿಗೆ ತೊಂದರೆ?

ಟವರ್ ಕೆಲಸದವನು: ನಿಮ್ಮ ಟವರನ್ನೇ ನಂಬಿಕೊಂಡ ಪಕ್ಕದ ಊರಿನವರಿಗೆ. ಅವರ ಮನೇಲೂ ಅಪ್ಪ ಅಮ್ಮ ಇರ್ತಾರೆ ಅಲ್ವಾ?

ಕಬ್ಬಿನಗದ್ದೆ: ಟವರ್ ಹಾಕಿ ಅಂತ ಅರ್ಜಿ ಕೊಟ್ಟಾಗ ನೀವೆಲ್ಲ ಎಲ್ಲಿದ್ರಿ?

ಒಂಟಿಕೊಪ್ಪಲ್ ಅಮ್ಮ: ನಾವು ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಕೊಂಡೆವು, ಕಾಲ್ ಟವರ್ ಬದಲು ಮನೆಯ ಇಂಟರ್ನೆಟ್ಟಿನಲ್ಲೇ ಹೋಗುತ್ತೆ. ಮೇಲಿನ ಮಹಡಿಗೆ ಇನ್ನೊಂದು ರೂಟರ್ 1,650, ಕರೆಂಟ್ ಹೋದರೆ ಅಂತ ಪುಟ್ಟ ಯುಪಿಎಸ್ 2,200. ಆರಾಮಾಗಿದ್ದೇವೆ. ನಮ್ಮ ಬೀದಿಗೆ ಟವರ್ ಬಂದಾಗ ಎಲ್ಲರೂ ಸಹಿ ಹಾಕಿ ನಿಲ್ಲಿಸಿದೆವು. ರೇಡಿಯೇಷನ್ ಯಾರಿಗೆ ಬೇಕು?

ಟವರ್ ಕೆಲಸದವನು: ಟವರ್ ದೂರ ಇದ್ದಷ್ಟೂ ನಿಮ್ಮ ಕಿವಿಗಿಟ್ಟ ಫೋನೇ ಜಾಸ್ತಿ ಪವರ್ ಬಿಡುತ್ತೆ. ಹತ್ತಿರ ಇದ್ದರೆ ಇಳಿಸುತ್ತೆ. 3ಜಿಯಲ್ಲಿ ಈ ಏರಿಸು ಇಳಿಸು ಸೆಕೆಂಡಿಗೆ 1500 ಸಲ ನಡೆಯುತ್ತಿತ್ತು.

ಒಂಟಿಕೊಪ್ಪಲ್ ಅಮ್ಮ: ಲೆಕ್ಕ ನಿಮ್ಮ ಹತ್ತಿರವೇ ಇರಲಿ. ಚಿಕ್ಕ ಮಕ್ಕಳಿರೋ ಬೀದಿ ನಮ್ಮದು.

ಟವರ್ ಕೆಲಸದವನು: ನಮ್ಮ ಎದುರು ಮನೆ ಮೇಲೇ ಟವರ್ ಇದೆ. ನನ್ನ ಮಗಳೂ ಅಲ್ಲೇ ಬೆಳೆಯುತ್ತಿದ್ದಾಳೆ.

ಕಬ್ಬಿನಗದ್ದೆ: ಅಮ್ಮ, ನೀವು ಬೇಡ ಅಂದ ಟವರನ್ನ ನಮ್ಮೂರಿಗೆ ಹಾಕಲಿ. ಜಾಗ ನಾನು ಕೊಡುತ್ತೇನೆ, ಬಾಡಿಗೆಯೂ ಬೇಡ.