ಬೀಜ ಅಗೆದು ನೋಡುವ ಮಗು

ಹಲೋ... ಹಲೋ... ಆ, ಕೆಂಪು ಬಂತು, ರೆಕಾರ್ಡ್ ಆಗ್ತಾ ಇದೆ. ಮಗಳೇ, ನಾನು ದೊಡ್ಡಮ್ಮ. ನಿನ್ನೆ ರಾತ್ರಿ ನೀನು ಮನೆಯವರ ಗ್ರೂಪಲ್ಲಿ ಹಾಕಿದ್ದನ್ನು ಈಗ ಓದಿದೆ. 6 ವರ್ಷದ ನಿನ್ನ ಹುಡುಗ, ಸ್ಕೂಲಿಂದ ಬಂದವನಿಗೆ ಫೋನ್ ಕೊಡೋದು ಎರಡು ನಿಮಿಷ ತಡವಾದರೆ ತಟ್ಟೆ ಎತ್ತಿ ಎಸೀತಾನೆ, ಭಗವದ್ಗೀತೆ ಕ್ಲಾಸಿಗೆ ಹಾಕಿದರೆ ತಾಳ್ಮೆ ಬರ್ತದಾ ಅಂತ ಕೇಳಿದ್ದೀಯ. ನಿನ್ನ ಅತ್ತಿಗೆ ಕೈಮುಗಿಯೋ ಚಿತ್ರ ಹಾಕಿ ಸುಮ್ಮನಾದಳು. ಬೇರೆ ಯಾರೂ ಬಾಯಿ ಬಿಡಲಿಲ್ಲ. ಇಲ್ಲಿ ಹೆಂಚಿನ ಮೇಲೆ ಮಳೆ ಸದ್ದು ಜೋರಿದೆ, ಫೋನ್ ಕಿವಿಗೆ ಹಿಡ್ಕೊಂಡು ಕೇಳು.

ಹುಡುಗನಿಗೆ ಏನೂ ಆಗಿಲ್ಲ. ಅವನ ಮುತ್ತಜ್ಜ ಹೇಗಿದ್ದರು ಅಂತ ಈ ಗ್ರೂಪಲ್ಲಿ ಯಾರಿಗೆ ಗೊತ್ತಿಲ್ಲ? ಗಂಜಿ ಆರುವ ತನಕ ಕೂರದೆ ದಿನಾ ನಾಲಿಗೆ ಸುಟ್ಕೊಳ್ಳೋರು. ಮೇಲಿನ ಮನೆ ರಕ್ತವೇ ಹಾಗೆ, ಅದನ್ನು ಬಿಡು. ನಾನು ಹೇಳಬೇಕಾದದ್ದು ಬೇರೆ ಇದೆ.

ನಮ್ಮ ದೊಡ್ಡವನಿಗೆ ಐದು ವರ್ಷ ಇರುವಾಗ ಬುಗುರಿ ಬೇಕು ಅಂತ ಹಟ ಹಿಡಿದಿದ್ದ. ಮಡಿಕೇರಿಯ ಶುಕ್ರವಾರದ ಸಂತೆಯಿಂದ ತರ್ತೀನಿ, ಅಲ್ಲಿವರೆಗೆ ತಾಳು ಅಂದೆ. ತಾಳಿದ ಪಾಪ. ಆ ವಾರ ಮರೆತೆ. ಮುಂದಿನ ವಾರ ಬಸ್ಸು ತಪ್ಪೀತು ಅಂತ ಓಡಿ ಬಂದೆ. ಮೂರನೇ ವಾರ ಸೀಮೆಎಣ್ಣೆ, ಒಣಮೀನು ತಗೊಳ್ಳೋ ಹೊತ್ತಿಗೆ ಕೈಲಿದ್ದ ದುಡ್ಡು ಮುಗೀತು. ನಾಲ್ಕನೇ ಶುಕ್ರವಾರ ತಂದುಕೊಟ್ಟೆ. ಬಿಡು, ಕೊಟ್ಟಾಯ್ತಲ್ಲ ಅಂದ್ಕೊಂಡೆ. ಅದಾದ ಮೇಲೆ ಹಿತ್ತಲಲ್ಲಿ ಅವನ ಕೈಲೇ ಎಂಟು ಅಲಸಂದೆ ಬೀಜ ಹಾಕಿಸಿದೆ, ಐದು ದಿನಕ್ಕೆ ಮೊಳಕೆ ಮೇಲೆ ಬರ್ತದೆ ಕಾಯ್ತಾ ಇರು ಅಂತ. ಮರುದಿನ ಬೆಳಗ್ಗೆ ನೋಡಿದರೆ ಒಂದನ್ನು ಅಗೆದು ಅಂಗೈ ಮೇಲೆ ಇಟ್ಕೊಂಡಿದ್ದಾನೆ. ಅದರ ಮರುದಿನ ಇನ್ನೊಂದು. ಬೀಜ ಉಬ್ಬಿ, ಸಿಪ್ಪೆ ಬಿರಿದು, ಬಿಳೀ ಬೇರು ಅಕ್ಕಿಕಾಳಿನಷ್ಟು ಹೊರಗೆ ಬಂದಿತ್ತು. ಆ ಬೇರು ಒಂದು ಸಲ ಮುರಿದರೆ ಮುಗೀತು, ತಿರುಗಿ ಮಣ್ಣಿಗೆ ಹಾಕಿದರೆ ಕೊಳೀತದೆ ಅಷ್ಟೆ. ಆರು ಬೀಜ ಹಾಗೇ ಹೋಯ್ತು. ಯಾಕೋ ಅಗೆದೆ ಅಂತ ಬೈದರೆ, ನೀನು ಬರ್ತದೆ ಅಂದದ್ದು ಬರೋದಿಲ್ಲವಲ್ಲ, ಅದಕ್ಕೆ ನೋಡಿದೆ ಅಂದ.

ಅದಕ್ಕೇ ಹೇಳ್ತೀನಿ ಮಗಳೇ, ಕೊಡ್ತೀನಿ ಅಂದ ಹೊತ್ತಿಗೆ ಕೊಡಬೇಕು. ಕೊಡೋಕೆ ಆಗೋದಿಲ್ಲ ಅಂತ ಗೊತ್ತಿದ್ದರೆ ಬಾಯಿ ಬಿಡಬಾರದು. ನೀನು "ಎರಡು ನಿಮಿಷ" ಅಂತ ಹೇಳಿ ಇಪ್ಪತ್ತು ನಿಮಿಷ ಮಾಡ್ತೀಯಲ್ಲ, ಹೋದ ಸಲ ಬಂದಾಗ ನಾನೇ ನೋಡಿದ್ದೀನಿ. ಹುಡುಗನ ಪಾಲಿಗೆ ನಿನ್ನ ಎರಡು ನಿಮಿಷಕ್ಕೆ ಕೊನೆ ಅನ್ನೋದೇ ಇಲ್ಲ. ಕೊನೆಯಿಲ್ಲದ್ದನ್ನು ದೊಡ್ಡವರಿಗೇ ಕಾಯೋಕಾಗೋದಿಲ್ಲ, ಅವನೆಲ್ಲಿಂದ ಕಾದಾನು?

ಗೀತೆ ಕೇಳಿದ್ದೀಯಲ್ಲ. ಕ್ಲಾಸು ಆಮೇಲೆ ನೋಡೋಣ, ಮೊದಲು ನೀನು ಆರನೇ ಅಧ್ಯಾಯ ತೆಗೆದು ನೋಡು. ಮನಸ್ಸು ಚಂಚಲ, ಗಾಳಿ ಹಿಡಿದಷ್ಟು ಕಷ್ಟ ಅಂತ ಅರ್ಜುನ ಗೋಳಾಡ್ತಾನೆ. ಕೃಷ್ಣ ಬೈದನಾ? "ಅಸಂಶಯಂ ಮಹಾಬಾಹೋ" ಅಂತ ಶುರು ಮಾಡ್ತಾನೆ. ಹೌದಪ್ಪ, ನೀನು ಹೇಳೋದರಲ್ಲಿ ಸಂಶಯವೇ ಇಲ್ಲ, ಮನಸ್ಸನ್ನು ಹಿಡಿಯೋದು ಕಷ್ಟವೇ, ಆದರೆ ಅಭ್ಯಾಸದಿಂದ, ವೈರಾಗ್ಯದಿಂದ ಆಗ್ತದೆ ಅಂತಾನೆ. 35ನೇ ಶ್ಲೋಕ. ವೈರಾಗ್ಯ 6 ವರ್ಷಕ್ಕೆ ಬೇಡ, ಅಭ್ಯಾಸ ಸಾಕು. ಮೊದಲು "ಹೌದು ಕಂದ, ಕಾಯೋದು ಕಷ್ಟ" ಅಂತ ಒಪ್ಕೊ. "ಅಷ್ಟೂ ತಾಳ್ಮೆ ಇಲ್ವಾ ನಿನಗೆ" ಅಂತ ನಾಲ್ಕು ಜನರ ಎದುರು ಅಂದರೆ, ನನಗೆ ಇಲ್ಲ ಅಂತ ಅವನೂ ಗಟ್ಟಿ ಮಾಡ್ಕೊಳ್ತಾನೆ.

ತಟ್ಟೆ ಎಸೆದಾಗ ಮಾತ್ರ ಫೋನ್ ಕೊಡಬೇಡ. ನಾಲ್ಕು ದಿನ ಬಿಗಿ ಹಿಡಿದರೆ ಐದನೇ ದಿನ ಇನ್ನೂ ಜೋರು ಕಿರುಚಬಹುದು. ಕೆಟ್ಟೋಯ್ತು ಅಂತ ಹೆದರಿ ಅವತ್ತು ಕೊಟ್ಟೆಯೋ, ಎಷ್ಟು ಗಟ್ಟಿ ಕಿರುಚಿದರೆ ಸಿಗ್ತದೆ ಅಂತ ಅಳತೆ ಕಲಿಸಿದ ಹಾಗೆ. ಸಮುದ್ರ ಕಡೆಯುವಾಗ ಅಮೃತಕ್ಕೆ ಮೊದಲು ಹಾಲಾಹಲವೇ ಬಂದದ್ದು, ಆ ಕಥೆ ಹೇಳು ಅವನಿಗೆ. ಬಾಯಲ್ಲಿ ಹೇಳಿದರೆ ಸಾಲದು, ಮೊಸರು ಕಡೆಯೋಕೆ ಕೂರಿಸು. ಕಡಗೋಲು ಇಲ್ಲದಿದ್ದರೆ ಅಗಲ ಬಾಯಿಯ ಬಾಟಲಿಗೆ ಅರ್ಧ ಮಾತ್ರ ಕೆನೆಮೊಸರು ಹಾಕಿ ಕುಲುಕಲಿ. ಪೂರ್ತಿ ತುಂಬಿದರೆ ಒಳಗೆ ಅಲುಗಾಟವೇ ಇರೋದಿಲ್ಲ. ಈ ಆಟಿ ತಿಂಗಳ ಮಳೆಚಳಿಗೆ ಮೊಸರು ತಣ್ಣಗೆ ಗಟ್ಟಿಯಾಗಿ ಬೆಣ್ಣೆ ಕೂಡೋದಿಲ್ಲ, ಒಂದು ಲೋಟ ಉಗುರುಬೆಚ್ಚಗಿನ ನೀರು ಹಾಕು. ಬೇಸಿಗೆಯಲ್ಲಾದರೆ ತಣ್ಣೀರು, ಇಲ್ಲದಿದ್ದರೆ ಬೆಣ್ಣೆ ಕರಗಿ ಕೈಗೆ ಹತ್ತೋದಿಲ್ಲ. ಮೊದಲು ಬರೀ ನೊರೆ, ಏನೂ ಆಗ್ತಾ ಇಲ್ಲ ಅನ್ನಿಸ್ತದೆ. ಆಮೇಲೆ ಸದ್ದು ಬದಲಾಗ್ತದೆ, ಗಳಗಳ ಅನ್ನೋದು ಧಡ್ ಧಡ್ ಅನ್ನುತ್ತೆ, ಸಾಸಿವೆಯಂಥ ಕಾಳು ಬದಿಗೆ ಅಂಟುತ್ತೆ. ಅದನ್ನು ಅವನೇ ಕಂಡುಹಿಡೀಲಿ, ನೀನು ಮುಂಚೆ ಹೇಳಬೇಡ.

ಇನ್ನೊಂದು ಸಲ ಹೇಳ್ತೀನಿ, ನಿನ್ನ ಗಂಡನಿಗೂ ಕೇಳಿಸು: ಕೊಡ್ತೀನಿ ಅಂದ ಹೊತ್ತಿಗೆ ಕೊಡಬೇಕು. ಆಗೋದಿಲ್ಲ ಅಂದ್ರೆ ಬಾಯಿ ಬಿಡಬಾರದು. ಆರು ಅಲಸಂದೆ ಬೀಜ ನೆನಪಿಟ್ಕೊ.

ಅಲ್ಲ, ಮಕ್ಕಳಿಗೆ ತಾಳ್ಮೆ ಇಲ್ಲ ಅಂತೀರಲ್ಲ, ದೊಡ್ಡವರಿಗೆ ಎಲ್ಲಿದೆ? ಹೋದ ಹುತ್ತರಿಗೆ, ನಮ್ಮ ಕೊಡಗಿನ ಸುಗ್ಗಿ ಹಬ್ಬಕ್ಕೆ, ಏನಾಯ್ತು ಹೇಳಿ. ನೆರೆ, ಅಂದರೆ ಎಲೆಗಳ ಕಟ್ಟು, ಅದನ್ನು ಕಟ್ಟೋದಕ್ಕೆ ಒಂದು ಹೊತ್ತು, ಕದಿರು, ಅಂದರೆ ಹೊಸ ಭತ್ತದ ತೆನೆ, ಅದನ್ನು ತೆಗೆಯೋದಕ್ಕೆ ಒಂದು ಹೊತ್ತು ಅಂತ ಪಾಡಿ ಇಗ್ಗುತ್ತಪ್ಪ ದೇವರ ಸನ್ನಿಧಿಯಲ್ಲಿ ನಿಶ್ಚಯ ಮಾಡಿರ್ತಾರೆ, ಇಡೀ ನಾಡು ಬೆಳದಿಂಗಳಲ್ಲಿ ಗದ್ದೆ ಬದುವಿನ ಮೇಲೆ ನಿಂತಿರ್ತದೆ. ನಮ್ಮ ಮನೆಯವರು ಕೆಲವರು, ಹೆಸರು ಬೇಡ, ಗೊತ್ತಾದವರಿಗೆ ಗೊತ್ತಾಗ್ತದೆ, ಕದಿರು ತೆಗೆಯೋ ಮುಂಚೆಯೇ "ಊಟ ಎಷ್ಟೊತ್ತಿಗೆ" ಅಂತ ಕೇಳಿದ್ರು. ಹೊಸಕ್ಕಿ ಪಾಯಸ ಕುದೀತಾ ಇರುವಾಗ ಕಾರು ಸ್ಟಾರ್ಟ್! ನಾನು ಒಬ್ಬಳೇ ಸೌಟು ಹಿಡ್ಕೊಂಡು ನಿಂತಿದ್ದೆ. ಈಗ ಕೇಳಿದರೆ ನನ್ನ ವಾಯ್ಸ್ ಮೆಸೇಜನ್ನು ಡಬಲ್ ಸ್ಪೀಡಲ್ಲಿ ಓಡಿಸಿ ಕೇಳ್ತೀರಂತೆ. ಕೋಳಿ ಕೂಗಿದ ಹಾಗೆ ಇರ್ತದಂತೆ. ಆಗ್ಲಿ.

ಅಯ್ಯೋ, ನೀನು ಕೇಳಿದ್ದು ಏನು ಮಾಡಲಿ ಅಂತ ಅಲ್ವಾ! ಮರೆತೇ ಹೋಯ್ತು ನೋಡು. ಇವತ್ತು ಸಂಜೆಯಿಂದಲೇ ಶುರು ಮಾಡು. ಸ್ಕೂಲಿಂದ ಬಂದ ಕೂಡಲೇ ಮೊದಲು ತಿನ್ನೋಕೆ ಕೊಡು, ಹಸಿದ ಹೊಟ್ಟೆಗೆ ಯಾವ ಪಾಠವೂ ಹತ್ತೋದಿಲ್ಲ. ಆಮೇಲೆ ದೇವರ ದೀಪದ ಕೆಲಸ ಅವನದ್ದು. ಹತ್ತಿ ಹೊಸೆದು ಎರಡು ಎಳೆ ಸೇರಿಸಿ ಒಂದು ಬತ್ತಿ ಮಾಡಲಿ, ದೀಪಕ್ಕೆ ಎಣ್ಣೆ ಅವನೇ ಹಾಕಲಿ. ಬತ್ತಿ ಎಣ್ಣೆ ಹೀರುವ ತನಕ ಹಚ್ಚೋ ಹಾಗಿಲ್ಲ. ಗಡಿಯಾರ ತೋರಿಸಬೇಡ, ಅವನಿಗೆ ನಿಮಿಷ ಅಂದರೆ ಏನಂತ ಗೊತ್ತಿಲ್ಲ. ನನ್ನ ಜಪಮಾಲೆಯ ಹಾಗೆ 27 ಎಣಿಸಲಿ, ಒಂದೊಂದಕ್ಕೆ ಒಂದು ಉಸಿರು. ಅದು ಒಂದೂವರೆ ನಿಮಿಷದ ಹತ್ತಿರ ಆಗ್ತದೆ. ಒಂದು ವಾರ ಅಷ್ಟೇ ಸಾಕು. ಸಲೀಸಾದ ಮೇಲೆ 54, ಆಮೇಲೆ 108. ಮೊದಲ ದಿನವೇ 108ಕ್ಕೆ ಕೂರಿಸಬೇಡ, ಮಧ್ಯೆ ಎದ್ದು ಹೋಗೋದೇ ಅಭ್ಯಾಸವಾಗ್ತದೆ. ಒಂದು ಸಲ ಬೇಕಂತ ಒಣ ಬತ್ತಿಯನ್ನೇ ಹಚ್ಚಿ ತೋರಿಸು. ಬಗ್ಗನೆ ಉರಿದು ತುದಿ ಕರಕಲಾಗಿ ಆರಿಹೋಗ್ತದೆ, ನೀನು ಬಾಯಿ ತೆರೆಯೋದೇ ಬೇಡ. ಬತ್ತಿ ತುದಿ ಭತ್ತದ ಕಾಳಿನಷ್ಟು ಮಾತ್ರ ಹೊರಗಿರಲಿ, ಜಾಸ್ತಿ ಎಳೆದರೆ ಹೊಗೆ. ಕಡ್ಡಿ ಗೀರೋದು ನೀನೇ, ಅವನ ಕೈಗೆ ಬೆಂಕಿಪೆಟ್ಟಿಗೆ ಕೊಡಬೇಡ. ದೀಪ ಹಚ್ಚಿ ಕೈಮುಗಿದ ಕೂಡಲೇ ಫೋನ್, 15 ನಿಮಿಷ ಅಂದರೆ ಸರಿಯಾಗಿ 15 ನಿಮಿಷ. ಆವಾಗ ಯಾರದ್ದಾದರೂ ಕಾಲ್ ಬಂತು ಅಂತ ಕಿತ್ಕೊಂಡರೆ ಬುಗುರಿ ಕಥೆಯೇ ಮತ್ತೆ.

ಮತ್ತೆ, ಇವತ್ತು ಆಟಿ ತಿಂಗಳ 4ನೇ ದಿನ. ಆಗಸ್ಟ್ 3ಕ್ಕೆ 18 ಆಗ್ತದೆ. ಆಟಿ ಸೊಪ್ಪಿಗೆ, ಈ ತಿಂಗಳು ನಾವು ತಿನ್ನೋ ಮದ್ದಿನ ಸೊಪ್ಪಿಗೆ, ದಿನಕ್ಕೊಂದು ಮದ್ದು ಸೇರ್ತಾ ಹೋಗ್ತದೆ, 18ನೇ ದಿನ ಹದಿನೆಂಟೂ ತುಂಬ್ತದೆ ಅಂತ ಹಿರಿಯರು ಹೇಳೋದನ್ನು ಅವನಿಗೆ ಹೇಳಿ, ಕ್ಯಾಲೆಂಡರಲ್ಲಿ ದಿನಾ ಒಂದು ಗೆರೆ ಎಳೆಸು. ಅವತ್ತು ಇಲ್ಲಿಗೆ ಕರ್ಕೊಂಡು ಬಾ. ಸೊಪ್ಪು ಕುದಿಸಿದ ನೀರು ನೇರಳೆ ಬಣ್ಣಕ್ಕೆ ತಿರುಗೋದನ್ನು ಒಲೆ ಪಕ್ಕ ಕೂತು ನೋಡಲಿ, ಅದರಲ್ಲೇ ಅಕ್ಕಿ ಬೆಲ್ಲ ಹಾಕಿ ಪಾಯಸ ಮಾಡ್ತೀನಿ. ಮರುದಿನ ಮೂತ್ರ ಕೆಂಪಾಗ್ತದೆ, ಮೊದಲೇ ಹೇಳಿಡು, ಇಲ್ಲದಿದ್ದರೆ ಹುಡುಗ ಹೆದರ್ತಾನೆ. ನೀನೂ ಹೆದರಿ ಡಾಕ್ಟರ ಹತ್ತಿರ ಓಡಬೇಡ. ಬರುವಾಗ ಹತ್ತಿ ತರೋದು ಬೇಡ, ಬತ್ತಿಗೆ ನಮ್ಮ ಮನೇಲೇ ಬಿಡಿಸಿಟ್ಟದ್ದು ಇದೆ. ಇಡ್ತೀನಿ, ಕರೆಂಟ್ ಹೋಯ್ತು.