ಪದಚರ್ಚೆ: 'ರೆಡ್‌ಶರ್ಟ್' ಹುಡುಗನಿಗೆ 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಅನ್ನಬಹುದೇ?

ಗೆಳೆಯರೆ,

ನಾನಿರುವುದು ಟೆಕ್ಸಸ್‌ನ ಆಸ್ಟಿನ್‌ನಲ್ಲಿ. ಇಲ್ಲಿನ ಕನ್ನಡ ಕೂಟದವರು ತಮ್ಮ ಪತ್ರಿಕೆಗೆ ಕಾಲೇಜು ಫುಟ್‌ಬಾಲ್ (ಅಮೆರಿಕನ್ ಫುಟ್‌ಬಾಲ್) ಬಗ್ಗೆ ಎರಡು ಪುಟ ಬರೆದುಕೊಡಲು ಹೇಳಿದ್ದಾರೆ. ಹೊಸದಾಗಿ ಬಂದವರಿಗೆ, ಊರಿಂದ ಬಂದು ಆರು ತಿಂಗಳು ಇರುವ ಅಪ್ಪ ಅಮ್ಮಂದಿರಿಗೆ ಅರ್ಥ ಆಗಬೇಕು. ಆಟದ ನಿಯಮ ಬರೆಯೋದು ಕಷ್ಟ ಆಗಲಿಲ್ಲ. ಆದರೆ ಶನಿವಾರ ನಾಲ್ಕು ಜನ ಸೇರಿದಾಗ ನಿಯಮದ ಮಾತು ಯಾರಿಗೆ ಬೇಕು? ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಯಾರಾಗಬೇಕಿತ್ತು, ಯಾರನ್ನು ಸುಮ್ನೆ ಕೂರಿಸಿದ್ದಾರೆ, ಮುಂದಿನ ವರ್ಷ ಯಾವ ಹುಡುಗ ಬರ್ತಾನೆ, ಇರುವವನು ಯಾವಾಗ ಬಿಟ್ಟು ಹೋಗ್ತಾನೆ. ಇಡೀ ದಿನ ಇದೇ. ಈ ಮಾತಿಗೆ ಕನ್ನಡ ಹುಡುಕಲು ಹೋಗಿ ಸಿಕ್ಕಿಹಾಕಿಕೊಂಡಿದ್ದೇನೆ.

'ಕಾಲ್ಚೆಂಡು' ಪದವನ್ನು ಮೊದಲೇ ಕೈಬಿಟ್ಟೆ. ಈ ಆಟದಲ್ಲಿ ಚೆಂಡಿಗೆ ಕಾಲು ತಾಗುವುದೇ ಅಪರೂಪ. 'ಕ್ವಾರ್ಟರ್‌ಬ್ಯಾಕ್' ಹಾಗೇ ಇರಲಿ ಅಂದುಕೊಂಡಿದ್ದೇನೆ. ನನ್ನ ತಕರಾರೆಲ್ಲ ಅವನ ಸುತ್ತ ಇರುವ ಮಾತುಗಳದ್ದು. ಅದರಲ್ಲೂ 'ರೆಡ್‌ಶರ್ಟ್'.

ಕಾಲೇಜು ಆಟಗಾರನಿಗೆ ಐದು ವರ್ಷದ ಅವಧಿ ಇರುತ್ತದೆ, ಆ ಐದರಲ್ಲಿ ಅವನು ನಾಲ್ಕು ವರ್ಷ ಆಡಬಹುದು. ಇದು ಬಹಳ ಕಾಲದಿಂದ ಬಂದ ಲೆಕ್ಕ. ಹಾಗಾಗಿ ಒಂದು ವರ್ಷ ತಂಡದ ಜೊತೆ ಇದ್ದು, ಓದಿ, ತಾಲೀಮು ಮಾಡಿ, ಪಂದ್ಯ ಆಡದೆ ಉಳಿದರೆ ಆ ವರ್ಷ ಅವನ ನಾಲ್ಕರಲ್ಲಿ ಸೇರುವುದಿಲ್ಲ. ಆ ಹುಡುಗ 'ರೆಡ್‌ಶರ್ಟ್'. ಮಾತು ಎಲ್ಲಿಂದ ಬಂತು ಅನ್ನೋದಕ್ಕೆ ಇಲ್ಲಿ ಹೇಳುವ ಕತೆ ನೆಬ್ರಾಸ್ಕಾದ್ದು. 1937ರಲ್ಲಿ ವಾರನ್ ಆಲ್ಫ್‌ಸನ್ ಅನ್ನುವ ಆಟಗಾರ, ಈ ವರ್ಷ ಪಂದ್ಯ ಬೇಡ, ತಾಲೀಮು ಮಾತ್ರ ಮಾಡುತ್ತೇನೆ ಅಂದನಂತೆ. ಅವನಿಗೆ ನಂಬರ್ ಇಲ್ಲದ ಕೆಂಪು ಅಂಗಿ ಕೊಟ್ಟರಂತೆ.

'ಕೆಂಪಂಗಿ' ಅಂತ ನೇರವಾಗಿ ಬರೆಯಲು ಮನಸ್ಸಾಗಲಿಲ್ಲ. ನಮಗೆ ಕೆಂಪಂಗಿ ಅಂದ ಕೂಡಲೇ ಕಣ್ಣಿಗೆ ಬರುವುದು ರೈಲ್ವೆ ಸ್ಟೇಷನ್ನಿನ ಕೂಲಿಯವರು. ಇನ್ನೊಂದು ತೊಂದರೆ ನಮ್ಮ ಮನೆಯಲ್ಲೇ ಗೊತ್ತಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಕುಂದಾಪುರದಿಂದ ಅಪ್ಪಯ್ಯ ಬಂದಿದ್ದರು. ಟಿವಿಯಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಆರ್ಚ್ ಮ್ಯಾನಿಂಗ್‌ನನ್ನು 'ರೆಡ್‌ಶರ್ಟ್ ಫ್ರೆಶ್‌ಮನ್' (ಫ್ರೆಶ್‌ಮನ್ ಅಂದರೆ ಮೊದಲ ವರ್ಷದವನು) ಅಂತ ಕರೆದರು. ಅಪ್ಪಯ್ಯ ಕನ್ನಡಕ ಏರಿಸಿ ನೋಡಿದರು.

"ಇದೆಂತ ಕೆಂಪಂಗಿ? ಹಾಕ್ಕಂಡದ್ದ್ ಕಿತ್ಲೆ ಬಣ್ಣ ಅಲ್ದಾ?"

ನನ್ನ ಮಗಳು ಅಜ್ಜನಿಗೆ ವಿವರಿಸಿದಳು. ಆರ್ಚ್ ಸಣ್ಣ ಹುಡುಗ ಅಲ್ಲ ಅಜ್ಜ, ಹೆಸರಾಂತ ಕ್ವಾರ್ಟರ್‌ಬ್ಯಾಕ್‌ಗಳಾದ ಪೇಟನ್ ಮತ್ತು ಈಲೈ ಮ್ಯಾನಿಂಗ್ ಅವನ ಚಿಕ್ಕಪ್ಪಂದಿರು, ಇಡೀ ದೇಶದ ಕಾಲೇಜುಗಳು ಅವನ ಹಿಂದೆ ಬಿದ್ದಿದ್ದವು, 2023ರಲ್ಲಿ ಇಲ್ಲಿಗೆ ಸೇರಿದ. ಆದರೆ ಮುಂದೆ ಕ್ವಿನ್ ಯೂವರ್ಸ್ ಇದ್ದ, ಅವನ ಹಿಂದೆ ಮಾಲಿಕ್ ಮರ್ಫಿ ಇದ್ದ, ಇವನು ಮೂರನೆಯವನು. ಆ ವರ್ಷ ಕೊನೆಕೊನೆಗೆ ಒಂದಿಷ್ಟು ಹೊತ್ತು ಆಡಿದ, ಆದರೂ ಅದು ಅವನ ವರ್ಷಕ್ಕೆ ಸೇರಲಿಲ್ಲ. ಈಗ ಕಾಲೇಜಿನಲ್ಲಿ ಎರಡನೇ ವರ್ಷ, ಆಟದಲ್ಲಿ ಮೊದಲನೇ ವರ್ಷ.

ಅಪ್ಪಯ್ಯ ಒಂದು ಗಳಿಗೆ ಸುಮ್ಮನಿದ್ದು, "ಹಾಂಗಾರೆ ಆಟಕ್ಕುಂಟ್ ಲೆಕ್ಕಕ್ಕಿಲ್ಲ ಅಂದೇಳಿ ಆಯ್ತ್" ಅಂದರು.

ನಾನು ನಕ್ಕೆ. ಆಮೇಲೆ ನಗು ನಿಂತಿತು. ಯಾಕಂದ್ರೆ ಅಕ್ಷರಕ್ಷರ ಹೊಂದುತ್ತದೆ. 2018ಕ್ಕೆ ಮುಂಚೆ ಆಗಿದ್ದರೆ ಹೊಂದುತ್ತಿರಲಿಲ್ಲ. ಆಗ ಒಂದೇ ಪಂದ್ಯದಲ್ಲಿ ಒಂದು ಸಲ ಮೈದಾನಕ್ಕೆ ಇಳಿದರೂ ಸಾಮಾನ್ಯವಾಗಿ ವರ್ಷ ಕೈಬಿಟ್ಟ ಹಾಗೆಯೇ, ಗಾಯವೋ ಮತ್ತೊಂದೋ ಕಾರಣ ಇದ್ದರೆ ಮಾತ್ರ ವಿನಾಯಿತಿ. ಅಂದರೆ 'ತಾಲೀಮಿಗುಂಟು ಆಟಕ್ಕಿಲ್ಲ'. 2018ರಲ್ಲಿ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎ ನಿಯಮ ಬದಲಾಯಿಸಿತು. ನಾಲ್ಕು ಪಂದ್ಯದವರೆಗೆ ಆಡಬಹುದು, ವರ್ಷ ಉಳಿಯುತ್ತದೆ. ಈಗ ಅವನು ಆಟಕ್ಕೆ ನಿಜವಾಗಿಯೂ ಉಂಟು, ಲೆಕ್ಕಕ್ಕೆ ನಿಜವಾಗಿಯೂ ಇಲ್ಲ. ಕೋವಿಡ್‌ನ 2020ರಲ್ಲಂತೂ ಇಡೀ ಹಂಗಾಮು ಆಡಿದವರಿಗೂ ಆ ವರ್ಷವನ್ನು ಎಣಿಸಲಿಲ್ಲ. ದೇಶದ ಕಾಲೇಜು ಫುಟ್‌ಬಾಲೇ ಒಂದು ವರ್ಷ ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಹಾಗಾದರೆ ಬಳಸಿಬಿಡು, ಕೇಳೋದೇನು ಅಂತೀರಾ? ನನ್ನ ಅನುಮಾನ ಇರುವುದು ಇಲ್ಲಿ. ನಾವು ಈ ಮಾತನ್ನು ಯಾರಿಗೆ ಅಂತೇವೆ? ಮನೆಯಲ್ಲಿ ಯಾರೂ ಮಾತು ಕೇಳದ ಭಾವನಿಗೆ. ಕಮಿಟಿಯಲ್ಲಿ ಹೆಸರಿಗೆ ಮಾತ್ರ ಇರುವ ಸದಸ್ಯನಿಗೆ. ಲಗೋರಿ ಆಡುವಾಗ ಅಳುತ್ತಾನೆ ಅಂತ ಸೇರಿಸಿಕೊಂಡ ನಾಲ್ಕು ವರ್ಷದ ತಮ್ಮನಿಗೆ. ಅಲ್ಲಿ ಲೆಕ್ಕಕ್ಕೆ ಇಲ್ಲದಿರುವುದು ಆ ಮನುಷ್ಯ. ರೆಡ್‌ಶರ್ಟ್‌ನಲ್ಲಿ ಲೆಕ್ಕಕ್ಕೆ ಇಲ್ಲದಿರುವುದು ಆ ವರ್ಷ. ಹುಡುಗನ ಬೆಲೆ ಕಮ್ಮಿ ಆಗುವುದಿಲ್ಲ, ಎಷ್ಟೋ ಸಲ ಬೆಲೆ ಇದೆ ಅಂತಲೇ ಅವನ ವರ್ಷವನ್ನು ಜೋಪಾನ ಮಾಡುತ್ತಾರೆ. ನಾಳೆ ಕೂಟದ ಯಾರಾದರೂ ನನ್ನ ಪುಟ ಓದಿ, ಅಷ್ಟು ದೊಡ್ಡ ಆಟಗಾರನನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂದುಬಿಟ್ಟಿದ್ದೀರಲ್ಲ ಅಂದರೆ ಏನು ಹೇಳಲಿ?

ಪಕ್ಕದ ಮನೆಯ ತೆಲುಗು ಗೆಳೆಯ ತಮ್ಮಲ್ಲಿ ಇದಕ್ಕೆ 'ಆಟಲೋ ಅರಟಿಪಂಡು' ಅನ್ನುತ್ತಾರೆ ಅಂದ. ಆಟದಲ್ಲಿ ಬಾಳೆಹಣ್ಣು! ಕೇಳೋಕೆ ಚೆನ್ನಾಗಿದೆ, ಆದರೆ ಅದರಲ್ಲೂ ಲೆಕ್ಕಕ್ಕಿಲ್ಲದವನು ಆ ಮಗುವೇ.

ನನಗೆ ಹೊಳೆದ ಇನ್ನೊಂದು ದಾರಿ ವರ್ಷವನ್ನೇ ಹಿಡಿಯುವುದು. 'ಆ ಹುಡುಗ ವರ್ಷ ಉಳಿಸಿಕೊಂಡ', 'ಇದು ಅವನ ಲೆಕ್ಕಕ್ಕಿಲ್ಲದ ವರ್ಷ'. ಇದರಲ್ಲಿ ಕ್ರಿಯಾಪದವೂ ಸಿಗುತ್ತದೆ, ವಿಶೇಷಣವೂ ಸಿಗುತ್ತದೆ. ಇಂಗ್ಲಿಷಿನವರೂ ರೆಡ್‌ಶರ್ಟ್ ಅನ್ನು ಎರಡೂ ಕಡೆ ಬಳಸುತ್ತಾರೆ. ಆದರೆ ನಮ್ಮ ಕಿವಿಗೆ 'ವರ್ಷ' ಅನ್ನುವ ಮಾತು ಬೇರೆ ಕಡೆ ಎಳೆಯುತ್ತದೆ. ಪರೀಕ್ಷೆಯಲ್ಲಿ ಡುಮ್ಕಿ ಹೊಡೆದರೆ 'ವರ್ಷ ಹಾಳಾಯ್ತು' ಅಂತಲೇ ಕೇಳಿ ಬೆಳೆದವರು ನಾವು. ಒಂದು ವರ್ಷ ಹಿಂದೆ ಉಳಿಯುವುದು ಲಾಭ ಅನ್ನುವುದು ತಲೆಗೆ ಹೋಗುವುದಿಲ್ಲ. ಅಮೆರಿಕದಲ್ಲಿ ಈ ರೆಡ್‌ಶರ್ಟ್ ಪದ ಶಿಶುವಿಹಾರಕ್ಕೂ ಇಳಿದಿದೆ. ಮಗು ಸ್ವಲ್ಪ ಬಲಿಯಲಿ ಅಂತ ಬೇಕಂತಲೇ ಒಂದು ವರ್ಷ ತಡವಾಗಿ ಸೇರಿಸಿದರೆ ಅದಕ್ಕೂ ಇದೇ ಮಾತು. ಕರ್ನಾಟಕದಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅಂದಾಗ ತಾಯ್ತಂದೆಯರು ಏನಂದರು? ಮಗುವಿನ ಒಂದು ವರ್ಷ ಹಾಳು ಅಂದರು. ಕೊನೆಗೆ 2025ರಲ್ಲಿ ಆ ಒಂದು ಸಾಲಿಗೆ ಸಡಿಲಿಸಬೇಕಾಯಿತು. ಅಲ್ಲಿ ಹಾಳು, ಇಲ್ಲಿ ಉಳಿತಾಯ. ಈ ಅಂತರ ದಾಟಿಸುವ ಪದ ಬೇಕು.

ಅಪ್ಪಯ್ಯ ಯಕ್ಷಗಾನದ ಹುಚ್ಚಿನವರು. ಅವರಿಗೆ ಈ ವರ್ಷದ ಲೆಕ್ಕ ಹಿಡಿಸಿದ್ದು ಬೇರೆ ಪದದಿಂದ. "ಅಂದ್ರೆ ಐದ್ ವರ್ಷದಗೆ ನಾಲ್ಕ್ ತಿರ್ಗಾಟ" ಅಂದರು. ಮೇಳದ ಕಲಾವಿದರ ಅನುಭವವನ್ನು ತಿರುಗಾಟದಲ್ಲೇ ಎಣಿಸುವುದು ನಮ್ಮ ಕಡೆ ರೂಢಿ. ಮೇಳ ಹೊರಟಾಗಿಂದ ಗೆಜ್ಜೆ ಬಿಚ್ಚುವವರೆಗೆ ಒಂದು ತಿರುಗಾಟ. 'ಸೀಸನ್'ಗೆ 'ಋತು' ಅಂತ ಬರೆಯುವುದಕ್ಕಿಂತ ಇದು ಎಷ್ಟೋ ವಾಸಿ ಅನ್ನಿಸುತ್ತದೆ. ಕರಾವಳಿ ಬಿಟ್ಟವರಿಗೆ ತಿರುಗಾಟ ಅಂದರೆ ಸುಮ್ನೆ ಊರು ಸುತ್ತೋದು ಅಂತ ಆಗುತ್ತದಾ? ಮೈಸೂರು, ಧಾರವಾಡ ಕಡೆಯವರು ಹೇಳಬೇಕು.

ಇದೇ ಎಳೆ ಹಿಡಿದು 'ಡೆಪ್ತ್ ಚಾರ್ಟ್'ಗೆ ಹೋದೆವು. ಪ್ರತಿ ಸ್ಥಾನಕ್ಕೂ ಒಂದನೆಯವನು ಯಾರು, ಎರಡನೆಯವನು ಯಾರು, ಮೂರನೆಯವನು ಯಾರು ಅಂತ ಇರುವ ಪಟ್ಟಿ. ನಾನು ಜಾಣತನದಿಂದ 'ಎರಡನೇ ವೇಷ' ಅನ್ನಬಹುದಲ್ವಾ ಅಂದೆ. ಅಪ್ಪಯ್ಯನಿಗೆ ಸಿಟ್ಟೇ ಬಂತು. ನಮ್ಮ ಕಡೆಯ ಬಡಗುತಿಟ್ಟು ಯಕ್ಷಗಾನದಲ್ಲಿ ಎರಡನೇ ವೇಷ ಅಂದರೆ ಬದಲಿಯವನಲ್ಲ, ನಾಯಕ. ಮೊದಲನೇ ವೇಷ ಅಂದರೆ ಹಾಡುವ ಭಾಗವತರು, ಆಟ ನಡೆಸುವವರು ಅವರು ತಾನೇ. ಹಾಗಾಗಿ ಎರಡನೇ ವೇಷದವನನ್ನು ಚೌಕಿಯಲ್ಲಿ (ಬಣ್ಣ ಹಚ್ಚುವ ಕೋಣೆ) ಕೂರಿಸಿ ಅಂದರೆ ರಾತ್ರಿಯ ಆಟವೇ ಇಲ್ಲ. ಆದರೆ ಅವರ ಸಿಟ್ಟಿನಿಂದ ಒಂದು ಲಾಭ ಆಯಿತು. ಚೆಂಡು ಮೊದಲು ಕೈಗೆ ಬರುವುದು, ಯಾರು ಎಲ್ಲಿಗೆ ಓಡಬೇಕು ಅಂತ ಹೇಳುವುದು, ಎಲ್ಲರೂ ಮುಖ ನೋಡುವುದು ಕ್ವಾರ್ಟರ್‌ಬ್ಯಾಕ್‌ನದ್ದೇ ಅಲ್ವಾ, ಹಾಗಾದರೆ ಅವನೇ ಭಾಗವತ. ಒಂದು ಹೊತ್ತಿಗೆ ಒಬ್ಬನೇ. ಮುಖ್ಯ ಭಾಗವತರು ಬಂದು ಕೂರುವ ಮುಂಚೆ ಸಂಜೆಯ ಭಾಗ ಹಾಡುವ ಕಿರಿಯ ಭಾಗವತನಿಗೆ ನಮ್ಮಲ್ಲಿ 'ಸಂಗೀತಗಾರ' ಅನ್ನುತ್ತಾರೆ. ಕಲಿಯುವುದಕ್ಕೆ ಅದೇ ಜಾಗ. ಫುಟ್‌ಬಾಲಿನಲ್ಲಿ ಮಾತ್ರ ಕ್ರಮ ತಿರುವುಮುರುವು. ಹಿರಿಯ ಮೊದಲು, ಪಂದ್ಯ ಗೆದ್ದಾಗಿದೆ ಅಂತ ಖಾತ್ರಿಯಾದ ಮೇಲೆ ಕಿರಿಯ.

ಆ ಸೆಪ್ಟೆಂಬರ್ 14ರಂದು ಯುಟಿಎಸ್‌ಎ (ಸ್ಯಾನ್ ಆಂಟೋನಿಯೊದ ಟೆಕ್ಸಸ್ ವಿಶ್ವವಿದ್ಯಾಲಯ) ಮೇಲಿನ ಪಂದ್ಯದಲ್ಲಿ ಯೂವರ್ಸ್‌ಗೆ ಪಕ್ಕೆಯ ಹತ್ತಿರ ಪೆಟ್ಟಾಯಿತು. ಮ್ಯಾನಿಂಗ್ ಬಂದ, ಮೊದಲ ಎಸೆತವೇ ಟಚ್‌ಡೌನ್. ಸ್ವಲ್ಪ ಹೊತ್ತಿಗೆ ಚೆಂಡು ಹಿಡಿದು ತಾನೇ 67 ಗಜ ಓಡಿದ. 56-7ರಲ್ಲಿ ಟೆಕ್ಸಸ್ ಗೆದ್ದಿತು. ಅಪ್ಪಯ್ಯನ ವರದಿ ಒಂದೇ ಸಾಲು: ಚೌಕಿಯಲ್ಲಿ ಕೂತವನಿಗೆ ಬಣ್ಣ ಹಚ್ಚುವ ಯೋಗ ಬಂತು. ನಾನು ಇದನ್ನು ಹಾಗೇ ಬರೆದುಕೊಂಡಿದ್ದೇನೆ. ಯೂವರ್ಸ್ ವಾಸಿಯಾಗಿ ಬಂದ ಮೇಲೆ ಮ್ಯಾನಿಂಗ್ ಮತ್ತೆ ಚೌಕಿಗೆ. ಪೂರ್ತಿ ಅವನದೇ ಆಟ ಆಗಿದ್ದು 2025ರಲ್ಲಿ.

'ಬೆಂಚ್ ಮಾಡಿದರು' ಅನ್ನುವುದಕ್ಕೆ 'ಕೂರಿಸಿದರು' ಸಾಕು ಅಂದುಕೊಂಡಿದ್ದೆ. ಒಂದು ತಮಾಷೆ ಇದೆ. 2018ರ ಜನವರಿ 8ರ ಕಾಲೇಜು ಫುಟ್‌ಬಾಲ್ ಫೈನಲ್‌ನಲ್ಲಿ ಜಾರ್ಜಿಯಾ ಎದುರು ಅಲಬಾಮಾ ಅರ್ಧ ಆಟಕ್ಕೆ 0-13 ಹಿಂದಿತ್ತು. ಕೋಚ್ ನಿಕ್ ಸೇಬನ್ ಜೇಲೆನ್ ಹರ್ಟ್ಸ್‌ನನ್ನು ಕೂರಿಸಿ, ಹೊಸ ಹುಡುಗ ಟುವಾ ಟಾಗೊವೈಲೋವನನ್ನು ಇಳಿಸಿದರು. ಹೆಚ್ಚುವರಿ ಆಟದಲ್ಲಿ 26-23ರಿಂದ ಗೆದ್ದರು. ಇದನ್ನು ಕನ್ನಡದಲ್ಲಿ ಬರೆದೆ: 'ಹರ್ಟ್ಸ್‌ನನ್ನು ಕೂರಿಸಿ ಟುವಾನನ್ನು ಪಟ್ಟಕ್ಕೆ ಕೂರಿಸಿದರು.' ಒಂದೇ ಕೂರಿಸುವುದು, ಒಬ್ಬನಿಗೆ ಅವಮಾನ, ಒಬ್ಬನಿಗೆ ಪಟ್ಟ. ಓದುಗರಿಗೆ ಗೊಂದಲ ಆಗುತ್ತದಾ, ಮಜಾ ಬರುತ್ತದಾ?

ಇನ್ನು ಹೈಸ್ಕೂಲು ಹುಡುಗರು ಕಾಲೇಜಿಗೆ 'ಕಮಿಟ್' ಆಗುವುದು. 'ಬದ್ಧನಾದ' ಅಂತ ಬರೆದರೆ ಸರ್ಕಾರಿ ಪ್ರಕಟಣೆ ಓದಿದ ಹಾಗಾಗುತ್ತದೆ. 'ಮಾತು ಕೊಟ್ಟ' ಸರಿಯಾಗಿದೆ, ಯಾಕಂದ್ರೆ ಅದು ಬರೀ ಬಾಯಿಮಾತು, ಸಹಿ ಬೀಳುವುದು ಡಿಸೆಂಬರ್‌ನಲ್ಲೋ ಫೆಬ್ರವರಿಯಲ್ಲೋ. ಆದರೆ 'ಡಿಕಮಿಟ್'? ಯೂವರ್ಸ್ 2020ರಲ್ಲಿ ಟೆಕ್ಸಸ್‌ಗೆ ಮಾತು ಕೊಟ್ಟ, ಕೆಲವೇ ತಿಂಗಳಲ್ಲಿ ಬಿಟ್ಟು ಒಹಾಯೊ ಸ್ಟೇಟ್‌ಗೆ ಮಾತು ಕೊಟ್ಟ. 2021ರಲ್ಲಿ ಹೈಸ್ಕೂಲಿನ ಕೊನೆಯ ವರ್ಷ ಬಿಟ್ಟು ಅಲ್ಲಿಗೆ ಹೋದ, ಇಡೀ ಹಂಗಾಮಿನಲ್ಲಿ ಎರಡೇ ಎರಡು ಸಲ ಚೆಂಡು ಮುಟ್ಟಿದ. ಡಿಸೆಂಬರ್‌ನಲ್ಲಿ ವಾಪಸ್ ಟೆಕ್ಸಸ್! ಇವನಿಗೆ 'ಮಾತು ತಪ್ಪಿದ' ಅಂದರೆ ಪಾಪ, ಹದಿನೇಳರ ಹುಡುಗನ ಮೇಲೆ ದೊಡ್ಡ ಪಾಪ ಹೊರಿಸಿದ ಹಾಗೆ. 'ಪಕ್ಷಾಂತರ' ಅಂದರೆ ಮನಸ್ಸು ರೆಸಾರ್ಟ್‌ಗೆ ಹೋಗುತ್ತದೆ. ಮದುವೆ ಮಾತುಕತೆಯ ಭಾಷೆ ಹದವಾಗಿ ಹೊಂದುತ್ತದೆ ಅನ್ನಿಸಿದೆ. ಮಾತುಕತೆ ಆಗಿತ್ತು, ಮುರಿಯಿತು. ಅದರಲ್ಲಿ ತಪ್ಪು ಯಾರದು ಅಂತ ಹೇಳಬೇಕಾಗಿಲ್ಲ.

'ಟ್ರಾನ್ಸ್‌ಫರ್'ಗೆ 'ವರ್ಗಾವಣೆ' ಬೇಡ. ವರ್ಗ ಆಗುವುದು ನಮಗೆ, ಮಾಡುವುದು ಇಲಾಖೆ. ಇಲ್ಲಿ ಹುಡುಗ ತಾನೇ ಎದ್ದು ಹೋಗುತ್ತಾನೆ. 2018ರ ಅಕ್ಟೋಬರ್‌ನಲ್ಲಿ, ಕಾಲೇಜು ಬದಲಾಯಿಸುವವರು ಹೆಸರು ಹಾಕುವ ಆನ್‌ಲೈನ್ ಪಟ್ಟಿ, 'ಟ್ರಾನ್ಸ್‌ಫರ್ ಪೋರ್ಟಲ್' ಬಂತು. 2021ರಲ್ಲಿ, ಮೊದಲ ಸಲ ಕಾಲೇಜು ಬದಲಾಯಿಸಿದರೆ ಒಂದು ವರ್ಷ ಸುಮ್ಮನೆ ಕೂರಬೇಕು ಅನ್ನುವ ನಿಯಮವೂ ಹೋಯಿತು. ನನ್ನ ಮಟ್ಟಿಗೆ ಇದಕ್ಕೆ ಕನ್ನಡ ಆಗಲೇ ಇದೆ. 'ಟಿಸಿ ತಗೊಂಡ'. ಮ್ಯಾನಿಂಗ್‌ಗಿಂತ ಮುಂದಿದ್ದ ಮರ್ಫಿ 2023ರ ಕೊನೆಗೆ ಟಿಸಿ ತಗೊಂಡು ಡ್ಯೂಕ್‌ಗೆ ಹೋದ. ಹಿಂದಿನ ವರ್ಷ ಯೂವರ್ಸ್ ಎದುರು ಪೈಪೋಟಿಯಲ್ಲಿ ಸೋತ ಹಡ್ಸನ್ ಕಾರ್ಡ್ ಪರ್ಡೂಗೆ ಹೋಗಿದ್ದ. ಹರ್ಟ್ಸ್ ಕೂಡ ಟಿಸಿ ತಗೊಂಡವನೇ, 2019ರಲ್ಲಿ ಒಕ್ಲಹೋಮಾಗೆ. 2025ರ ಫೆಬ್ರವರಿಯಲ್ಲಿ ವೃತ್ತಿಪರ ಫುಟ್‌ಬಾಲಿನ ಫೈನಲ್ ಆದ ಸೂಪರ್ ಬೌಲ್‌ನ ಅತ್ಯುತ್ತಮ ಆಟಗಾರನಾದ. ಟಿಸಿ ಅಂತ ಬರೆದರೆ ಇಂಗ್ಲಿಷೇ ಆಯಿತಲ್ಲ ಅನ್ನುವವರು ಇದ್ದಾರೆ, ಗೊತ್ತು. ಹಳ್ಳಿಯ ಅಜ್ಜಿಗೂ ಗೊತ್ತಿರುವ ಪದವನ್ನು ನಾನು ಕನ್ನಡ ಅಂತಲೇ ಎಣಿಸುತ್ತೇನೆ.

'ವಾಕ್-ಆನ್' ಅಂದರೆ ವಿದ್ಯಾರ್ಥಿವೇತನ ಇಲ್ಲದೆ, ಯಾರೂ ಕರೆಯದೆ ತಾನಾಗಿ ಬಂದು ತಂಡ ಸೇರಿದವನು. ಬೇಕರ್ ಮೇಫೀಲ್ಡ್ ಹಾಗೆ ಬಂದು 2017ರಲ್ಲಿ ಕಾಲೇಜಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಗೆದ್ದ. ಇದಕ್ಕೆ ನನ್ನ ಹತ್ತಿರ ಏನೂ ಇಲ್ಲ. 'ಬಿಟ್ಟಿ ಆಟಗಾರ' ಅಂತ ಬರೆದು ಹೊಡೆದುಹಾಕಿದ್ದೇನೆ.

ನನಗೆ ಮುಖ್ಯವಾಗಿ ಬೇಕಾದದ್ದು ರೆಡ್‌ಶರ್ಟ್ ಬಗ್ಗೆ ನಿಮ್ಮ ಕಿವಿ ಏನು ಹೇಳುತ್ತದೆ ಅನ್ನುವುದು. 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಅನ್ನುವುದನ್ನು ಬೈಗುಳದ ವಾಸನೆ ಇಲ್ಲದೆ, ಪ್ರೀತಿಯಿಂದ ಬಳಸುವುದನ್ನು ಯಾರಾದರೂ ಕೇಳಿದ್ದೀರಾ? ಆಟದಲ್ಲಿ ಔಟಾದರೂ ಔಟಾಗದ ಆ ಚಿಕ್ಕ ತಮ್ಮ ತಂಗಿಯರಿಗೆ ನಿಮ್ಮ ಬೀದಿಯಲ್ಲಿ ಬೇರೆ ಹೆಸರು ಇತ್ತಾ? ಇದ್ದರೆ ಊರಿನ ಹೆಸರು ಸೇರಿಸಿ ಬರೆಯಿರಿ. ಪತ್ರಿಕೆಯವರು ಮುಂದಿನ ಭಾನುವಾರದವರೆಗೆ ಕಾಯುತ್ತೇವೆ ಅಂದಿದ್ದಾರೆ. ಅಪ್ಪಯ್ಯ ಊರಿಗೆ ಹೋದವರು ಫೋನಿನಲ್ಲಿ ಇನ್ನೂ ಕೇಳುತ್ತಾರೆ, ಆ ಕೆಂಪಂಗಿಯ ಗಂಡಿಗೆ ಎಷ್ಟು ತಿರುಗಾಟ ಬಾಕಿ ಉಂಟು ಅಂತ.